ಅಂಬೆಗಾಲಿಡುವ ಮಗುವೂ ಊರಿನ ನೈರ್ಮಲ್ಯವೂ

(ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಜಗತ್ತಿನಲ್ಲಿ ಐದು ವರ್ಷ ತುಂಬದ ಸುಮಾರು 4.4 ಲಕ್ಷ ಮಕ್ಕಳು ಪ್ರತಿ ವರ್ಷ ಭೇದಿಯಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾಯದೆ ಉಳಿದು, ಆದರೆ ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆಯದ ಮಕ್ಕಳ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35.5ರಷ್ಟು ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ. ಕರ್ನಾಟಕದ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ, ಶೇಕಡ 35.4. ಎತ್ತರ ಕಡಿಮೆಯಾದರೇನಂತೆ ಎಂದು ಕೇಳುವವರಿದ್ದಾರೆ. ಮೊದಲ ಎರಡು ವರ್ಷಗಳಲ್ಲಿ ಮಗುವಿನ ಎತ್ತರವನ್ನು ತಡೆದ ಕಾರಣಗಳೇ ಅದರ ಮೆದುಳಿನ ಬೆಳವಣಿಗೆಯನ್ನೂ ರೋಗ ತಡೆಯುವ ಶಕ್ತಿಯನ್ನೂ ತಡೆಯುತ್ತವೆ. ಅಳತೆಪಟ್ಟಿಯಲ್ಲಿ ಕಾಣುವ ಆ ಕೆಲವು ಸೆಂಟಿಮೀಟರುಗಳ ಕೊರತೆ ಒಳಗೆ ನಡೆದಿರುವ ದೊಡ್ಡ ನಷ್ಟದ ಹೊರಗುರುತು ಮಾತ್ರ.

ಇದೇ ಸಮೀಕ್ಷೆಯ ಹಿಂದಿನ ಸುತ್ತನ್ನು ಪಕ್ಕದಲ್ಲಿಟ್ಟು ನೋಡಿ. 2015–16ರಲ್ಲಿ ಸುಧಾರಿತ ಶೌಚ ವ್ಯವಸ್ಥೆ ಇದ್ದ ಮನೆಗಳಲ್ಲಿ ಬಾಳುತ್ತಿದ್ದವರು ಶೇಕಡ 48.5 ಮಂದಿ, ಮುಂದಿನ ಸುತ್ತಿನಲ್ಲಿ ಅದು 70.2ಕ್ಕೆ ಏರಿತು. ಸ್ವತಂತ್ರ ಭಾರತದಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಮನೆಗಳಿಗೆ ಶೌಚಾಲಯ ಬಂದ ಕಾಲ ಬೇರೊಂದಿಲ್ಲ, ಮತ್ತು ಇದಕ್ಕಾಗಿ ದುಡಿದವರಲ್ಲಿ ಇಲ್ಲಿ ಕುಳಿತಿರುವ ಅನೇಕರೂ ಸೇರಿದ್ದೀರಿ. ಆದರೆ ಅದೇ ಅವಧಿಯಲ್ಲಿ ಕುಂಠಿತ ಬೆಳವಣಿಗೆಯ ಪ್ರಮಾಣ 38.4ರಿಂದ 35.5ಕ್ಕೆ ಮಾತ್ರ ಇಳಿಯಿತು. ಅಳತೆಗೆ ಸಿಕ್ಕ ಮಕ್ಕಳಲ್ಲಿ ಎಷ್ಟೋ ಮಂದಿ ಮನೆಗೆ ಶೌಚಾಲಯ ಬರುವ ಮೊದಲೇ ಹುಟ್ಟಿದವರಿರಬಹುದು, ಎತ್ತರಕ್ಕೆ ತಾಯಿಯ ಪೋಷಣೆ, ಮಗುವಿನ ಊಟ, ಹುಟ್ಟಿದಾಗಿನ ತೂಕ ಇವೆಲ್ಲವೂ ಕಾರಣ ಎಂಬುದನ್ನು ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಶೌಚಾಲಯ ಬಂದ ಮನೆಯ ಮಗು ನಾವು ಎಣಿಸಿದಷ್ಟು ಏಕೆ ಬೆಳೆಯಲಿಲ್ಲ?

ನಮ್ಮ ಯೋಜನೆಗಳು ದೊಡ್ಡವರು ಎಲ್ಲಿ ಕೂರುತ್ತಾರೆ ಎಂಬುದನ್ನು ಲೆಕ್ಕ ಹಾಕಿದವು; ಮಗು ಎಲ್ಲಿ ಕೂರುತ್ತದೆ, ಎಲ್ಲಿ ತೆವಳುತ್ತದೆ, ಏನನ್ನು ಬಾಯಿಗೆ ಹಾಕಿಕೊಳ್ಳುತ್ತದೆ ಎಂಬುದನ್ನು ಯಾರೂ ಕೂತು ನೋಡಲಿಲ್ಲ. ಈ ಒಂದು ಮಾತನ್ನು ನಿಮ್ಮ ಮುಂದಿಡುವುದಕ್ಕೇ ನಾನು ಇಂದು ಬಂದಿದ್ದೇನೆ.

ಮಲದಲ್ಲಿರುವ ರೋಗಾಣು ಇನ್ನೊಬ್ಬರ ಬಾಯಿ ಸೇರುವ ದಾರಿಗಳು ಯಾವುವೆಂಬುದು ಹೊಸ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವ್ಯಾಗ್ನರ್ ಮತ್ತು ಲನ್ವಾ ಎಂಬ ಇಬ್ಬರು ತಜ್ಞರು 1958ರಲ್ಲೇ ಇದನ್ನು ಚಿತ್ರ ಸಮೇತ ವಿವರಿಸಿದ್ದರು: ನೀರು, ಕೈಬೆರಳು, ನೊಣ, ಹೊಲದ ಮಣ್ಣು, ಇವುಗಳ ಮೂಲಕ ಆಹಾರ, ಆಹಾರದ ಮೂಲಕ ಬಾಯಿ. ಇಂದಿಗೂ ತರಬೇತಿಗಳಲ್ಲಿ ತೋರಿಸುವುದು ಅದೇ ಚಿತ್ರದ ಬೇರೆ ಬೇರೆ ರೂಪಗಳನ್ನು. ಆದರೆ ಆ ಚಿತ್ರ ಮುಖ್ಯವಾಗಿ ದೊಡ್ಡವರ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಒಂಬತ್ತು ತಿಂಗಳ ಮಗುವಿಗೆ ಅಷ್ಟು ಸುತ್ತುದಾರಿಯ ಅಗತ್ಯವೇ ಇಲ್ಲ. ಅದು ನೆಲದ ಮೇಲೆ ಬದುಕುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಯಿಂದಲೇ ಪರೀಕ್ಷಿಸುತ್ತದೆ.

ಬೆಳಗಿನ ಹೊತ್ತಿನಲ್ಲಿ ನಮ್ಮ ಯಾವುದಾದರೂ ಊರಿನ ಒಂದು ಅಂಗಳವನ್ನು ಗಮನವಿಟ್ಟು ನೋಡಿ. ಕೊಟ್ಟಿಗೆಯಿಂದ ಎಮ್ಮೆ ಹೊರಬಂದಿರುತ್ತದೆ, ಕೋಳಿಗಳನ್ನು ಬುಟ್ಟಿಯಿಂದ ಬಿಟ್ಟಿರುತ್ತಾರೆ. ತಾಯಿ ಒಲೆಯ ಮುಂದೆ ಇರುತ್ತಾಳೆ, ಅಜ್ಜಿ ಸೊಪ್ಪು ಸೋಸುತ್ತಾ ಮಗುವಿನ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ. ಮಗು ಜಗುಲಿಯಿಂದ ಇಳಿದು ಅಂಗಳದಲ್ಲಿ ಅಂಬೆಗಾಲಿಡುತ್ತದೆ; ಕೋಳಿ ಕೆದರಿದ ಕಡೆಯ ಮಣ್ಣನ್ನು ಮುಟ್ಟಿ ಬೆರಳು ಚೀಪುತ್ತದೆ; ಕೈಯಲ್ಲಿದ್ದ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿಕೊಂಡು ತಿನ್ನುತ್ತದೆ. ನಡುವೆ ಅಲ್ಲಿಯೇ ಕಕ್ಕ ಮಾಡುತ್ತದೆ. ಅಜ್ಜಿ ಹಳೆಯ ಬಟ್ಟೆಯಿಂದ ಒರೆಸಿ, ಅದನ್ನು ಮನೆಯ ಹಿಂದಿನ ತಿಪ್ಪೆಗೆ ಎಸೆಯುತ್ತಾಳೆ, ಇಲ್ಲವೇ ಮೇಲೊಂದು ಹಿಡಿ ಬೂದಿ ಹಾಕಿ ಗುಡಿಸುತ್ತಾಳೆ. ಕೂಸಿನ ಬಟ್ಟೆಯನ್ನು ಪಾತ್ರೆ ತೊಳೆಯುವ ಕಲ್ಲಿನ ಹತ್ತಿರವೇ ಜಾಲಾಡುತ್ತಾಳೆ. ಆ ನೀರು ಅಂಗಳದ ಮಗ್ಗುಲಲ್ಲಿ ಹರಿದು ಇಂಗುತ್ತದೆ. ಈ ಮನೆಯಲ್ಲಿ ಶೌಚಾಲಯ ಇದೆ, ದೊಡ್ಡವರೆಲ್ಲರೂ ಅದನ್ನು ಬಳಸುತ್ತಾರೆ ಎಂದೇ ಇಟ್ಟುಕೊಳ್ಳೋಣ. ಆದರೂ ಮಗುವಿನ ಬಾಯಿಗೆ ಮಲ ಹೋಗುವುದು ತಪ್ಪಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಜಿಂಬಾಬ್ವೆಯ ಹಳ್ಳಿಗಳಲ್ಲಿ ಸಂಶೋಧಕರು ತಾಯಿ-ಮಗುವಿನ ಜೋಡಿಗಳ ಜೊತೆ ಗಂಟೆಗಟ್ಟಲೆ ಕುಳಿತು, ಮಗು ಏನೇನನ್ನು ಬಾಯಿಗೆ ಹಾಕುತ್ತದೆ ಎಂದು ಬರೆದುಕೊಂಡರು. ಕೆಲವು ಮಕ್ಕಳು ಮಣ್ಣನ್ನೂ, ಕೋಳಿಯ ಹಿಕ್ಕೆಯನ್ನೂ ನೇರವಾಗಿ ತಿನ್ನುವುದು ಕಂಡಿತು. ನೀರಿನ ಪರೀಕ್ಷೆಯಲ್ಲಿ ಸಿಕ್ಕ ರೋಗಾಣುಗಳಿಗಿಂತ ಅಂಗಳದ ಮಣ್ಣಿನಲ್ಲಿ, ಕೋಳಿಯ ಹಿಕ್ಕೆಯಲ್ಲಿ ಸಿಕ್ಕವು ಬಹಳ ಹೆಚ್ಚು. ಕುಡಿಯುವ ನೀರನ್ನು ಶುದ್ಧ ಮಾಡಿದೆವು, ಇನ್ನು ಭಯವಿಲ್ಲ ಎಂದು ಕುಳಿತುಕೊಳ್ಳುವವರು ಈ ಸಂಗತಿಯನ್ನು ಗಮನಿಸಬೇಕು.

ಎಳೆಯ ಮಗುವಿನ ಮಲ ನಿರಪಾಯವಾದದ್ದು, ಹಾಲು ಕುಡಿಯುವ ಕೂಸಿನದಕ್ಕೆ ಏನು ಹೊಲಸು ಎಂಬ ನಂಬಿಕೆ ಕರ್ನಾಟಕದಲ್ಲೂ ಇದೆ, ಬಾಂಗ್ಲಾದೇಶದಲ್ಲೂ ಇದೆ, ಆಫ್ರಿಕದ ಹಳ್ಳಿಗಳಲ್ಲೂ ಇದೆ. ನಿಜ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಭೇದಿ ತರುವ ಸೋಂಕುಗಳು ಅತಿ ಹೆಚ್ಚಾಗಿ ಇರುವುದು ಈ ವಯಸ್ಸಿನ ಮಕ್ಕಳಲ್ಲಿಯೇ. ಆದ್ದರಿಂದ ಅವರ ಮಲದಲ್ಲಿ ರೋಟಾವೈರಸ್, ಶಿಗೆಲ್ಲಾ, ಕ್ರಿಪ್ಟೋಸ್ಪೊರಿಡಿಯಂ ಮುಂತಾದ ರೋಗಾಣುಗಳು ಇರುವ ಸಂಭವ ದೊಡ್ಡವರ ಮಲಕ್ಕಿಂತ ಹೆಚ್ಚು. ಅಲ್ಲದೆ ದೊಡ್ಡವರು ಬಯಲಿಗೆ ಹೋದರೆ ಊರಾಚೆ ಹೋಗುತ್ತಾರೆ. ಮಗುವಿನದು ಮನೆಯೊಳಗೆ, ಇನ್ನೊಂದು ಮಗು ಆಡುವ ಜಾಗದಲ್ಲಿಯೇ ಉಳಿಯುತ್ತದೆ.

ದಿನವೂ ಹೀಗೆ ಒಂದಿಷ್ಟು ಮಲ ಒಳಗೆ ಹೋಗುವ ಮಗುವಿಗೆ ಪ್ರತಿ ಸಲವೂ ಭೇದಿ ಆಗಬೇಕೆಂದಿಲ್ಲ. ಇದು ತಾಯಂದಿರಿಗೂ, ಎಷ್ಟೋ ವೇಳೆ ವೈದ್ಯರಿಗೂ ಕಾಣದೆ ಹೋಗುವ ಭಾಗ. ನಮ್ಮ ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಮಖಮಲ್ಲಿನ ಬಟ್ಟೆಯ ಮೇಲಿರುವ ಎಳೆಗಳಂತೆ ಅದರ ತುಂಬ ಬೆರಳಿನಾಕಾರದ ಅತಿ ಸೂಕ್ಷ್ಮ ಚಾಚುಗಳಿವೆ. ತಿಂದ ಆಹಾರದ ಸಾರವನ್ನು ಹೀರಿಕೊಳ್ಳುವುದು ಈ ಚಾಚುಗಳೇ. ರೋಗಾಣುಗಳ ದಾಳಿ ಎಡೆಬಿಡದೆ ನಡೆದರೆ ಈ ಚಾಚುಗಳು ಸವೆದು ಮೊಂಡಾಗುತ್ತವೆ, ಜೀವಕೋಶಗಳ ನಡುವಿನ ಬಿಗಿ ಸಡಿಲವಾಗಿ ಕರುಳಿನೊಳಗಿನ ರೋಗಾಣುಗಳ ಅಂಶಗಳು ರಕ್ತಕ್ಕೆ ಸೋರುತ್ತವೆ. ದೇಹವು ಹೊತ್ತು ಗೊತ್ತಿಲ್ಲದೆ ಇವುಗಳ ವಿರುದ್ಧ ಹೋರಾಡುತ್ತಲೇ ಇರುತ್ತದೆ. ಬೆಳವಣಿಗೆಗೆ ಬೇಕಾದ ಶಕ್ತಿ ಆ ಹೋರಾಟಕ್ಕೆ ಖರ್ಚಾಗುತ್ತದೆ, ಬೆಳವಣಿಗೆಯನ್ನು ನಡೆಸುವ ಹಾರ್ಮೋನಿನ ಕೆಲಸವೂ ಕುಗ್ಗುತ್ತದೆ. ಮಗು ಊಟ ಮಾಡುತ್ತದೆ, ಆಡುತ್ತದೆ, ಕಾಯಿಲೆಯ ಮಗುವಿನಂತೆ ಕಾಣುವುದಿಲ್ಲ, ಆದರೆ ಬೆಳೆಯುವುದಿಲ್ಲ. ಜೀನ್ ಹಂಫ್ರಿ ಎಂಬ ವಿಜ್ಞಾನಿ 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಮಕ್ಕಳ ಕುಂಠಿತ ಬೆಳವಣಿಗೆಗೆ ಭೇದಿಗಿಂತಲೂ ಕರುಳಿನ ಈ ಕಾಣದ ಹಾನಿಯೇ ಮುಖ್ಯ ಕಾರಣವಿರಬಹುದು ಎಂಬ ಊಹೆಯನ್ನು ಮುಂದಿಟ್ಟ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು.

ಬಾಯಿಯ ಮೂಲಕ ಕೊಡುವ ಲಸಿಕೆಗಳು ಬಡ ದೇಶಗಳ ಮಕ್ಕಳಲ್ಲಿ ಕಡಿಮೆ ಫಲ ಕೊಡುವುದಕ್ಕೂ ಹಾಳಾದ ಕರುಳೇ ಒಂದು ಕಾರಣವಿರಬೇಕೆಂದು ತಜ್ಞರು ಭಾವಿಸುತ್ತಾರೆ. 2016ರಿಂದ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ ರೋಟಾವೈರಸ್ ಲಸಿಕೆಯ ಭಾರತದ ಪ್ರಯೋಗದಲ್ಲಿ ತೀವ್ರ ಸೋಂಕಿನಿಂದ ಸಿಕ್ಕ ರಕ್ಷಣೆ ಶೇಕಡ 55ರ ಆಸುಪಾಸಿನಲ್ಲಿತ್ತು. ಇಂಥದೇ ಲಸಿಕೆಗಳು ಶ್ರೀಮಂತ ದೇಶಗಳಲ್ಲಿ ಕೊಡುವ ರಕ್ಷಣೆ ಇದಕ್ಕಿಂತ ಬಹಳ ಹೆಚ್ಚು. ಅಷ್ಟಾದರೂ ಲಸಿಕೆಯನ್ನು ತಪ್ಪದೆ ಹಾಕಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅರ್ಧದಷ್ಟು ತೀವ್ರ ಭೇದಿಯನ್ನು ತಪ್ಪಿಸುವುದೂ ಸಣ್ಣ ಸಂಗತಿಯಲ್ಲ.

ಹಾಗಾದರೆ ಶೌಚಾಲಯ ಕಟ್ಟಿದರೆ, ಕೈ ತೊಳೆಯುವುದನ್ನು ಕಲಿಸಿದರೆ, ನೀರಿಗೆ ಕ್ಲೋರಿನ್ ಹಾಕಿದರೆ ಮಕ್ಕಳು ಬೆಳೆಯಬೇಕಲ್ಲವೇ? ಕಳೆದ ದಶಕದಲ್ಲಿ ಈ ಪ್ರಶ್ನೆಯನ್ನು ಬಹಳ ಶ್ರದ್ಧೆಯಿಂದ, ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲಾಯಿತು. ಅದರ ಫಲಿತಾಂಶಗಳು ನಮ್ಮ ಗ್ರಾಮಗಳ ಮಟ್ಟದ ಚರ್ಚೆಗೆ ಬಂದಿರುವುದು ಅಪರೂಪ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ನಮ್ಮ ದೇಶದ ಎರಡು ಪ್ರಯೋಗಗಳು. ಒಡಿಶಾದ ಪುರಿ ಜಿಲ್ಲೆಯಲ್ಲಿ ನೂರು ಹಳ್ಳಿಗಳನ್ನು ಆರಿಸಿ, ಐವತ್ತರಲ್ಲಿ ಆಗಿನ ಸಂಪೂರ್ಣ ಸ್ವಚ್ಛತಾ ಆಂದೋಲನದ ಅಡಿಯಲ್ಲಿ ಶೌಚಾಲಯಗಳನ್ನು ಕಟ್ಟಿಸಲಾಯಿತು. ಆ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳು ಸರಾಸರಿ ಶೇಕಡ 9ರಿಂದ 63ಕ್ಕೆ ಏರಿದವು. ಮಕ್ಕಳ ಭೇದಿ ಕಡಿಮೆಯಾಗಲಿಲ್ಲ, ಜಂತುಹುಳು ಕಡಿಮೆಯಾಗಲಿಲ್ಲ, ತೂಕವೂ ಎತ್ತರವೂ ಹೆಚ್ಚಲಿಲ್ಲ. ಮಧ್ಯಪ್ರದೇಶದ ಎಂಬತ್ತು ಹಳ್ಳಿಗಳಲ್ಲಿ ನಡೆದ ಪ್ರಯೋಗದ ಕತೆಯೂ ಇದೇ. ಅಲ್ಲಿ ಶೌಚಾಲಯ ಬಂದ ಮೇಲೂ ದೊಡ್ಡವರಲ್ಲಿ ಹೆಚ್ಚಿನವರು ಬಯಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಎರಡೂ ವರದಿಗಳು 2014ರಲ್ಲಿ ಪ್ರಕಟವಾದವು. ಅದೇ ವರ್ಷ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾಯಿತು.

ಅನಂತರ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆ. ಈ ಮೂರು ದೇಶಗಳಲ್ಲಿ ಒಟ್ಟು ಹತ್ತೊಂಬತ್ತು ಸಾವಿರ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರಿಗೆ ಹುಟ್ಟುವ ಮಕ್ಕಳನ್ನು ಮೊದಲಿನಿಂದಲೇ ಗಮನಿಸಲಾಯಿತು. ಬಾಂಗ್ಲಾದೇಶ, ಕೀನ್ಯಾಗಳಲ್ಲಿ ಒಂದು ಗುಂಪಿಗೆ ನೀರಿನ ಕ್ಲೋರಿನ್, ಒಂದಕ್ಕೆ ಶೌಚಾಲಯ, ಒಂದಕ್ಕೆ ಕೈತೊಳೆಯುವ ಸೌಕರ್ಯ ಮತ್ತು ಸಾಬೂನು, ಒಂದಕ್ಕೆ ಪೌಷ್ಟಿಕ ಆಹಾರ, ಇನ್ನು ಕೆಲವಕ್ಕೆ ಇವೆಲ್ಲವೂ ಸೇರಿ, ಹೀಗೆ ವಿಂಗಡಿಸಿದ್ದರು; ಜಿಂಬಾಬ್ವೆಯಲ್ಲಿ ನೀರು, ಶೌಚಾಲಯ, ಕೈತೊಳೆಯುವಿಕೆಗಳನ್ನು ಒಟ್ಟಿಗೇ ಕೊಟ್ಟರು. ಬಾಂಗ್ಲಾದಲ್ಲಿ ಎರಡು ಗುಂಡಿಯ ಶೌಚಾಲಯದ ಜೊತೆಗೆ ಕಕ್ಕ ಮಾಡಿಸಲು ಮಗುವನ್ನು ಕೂರಿಸುವ ಪಾಟಿಯನ್ನೂ, ಮಗುವಿನ ಮತ್ತು ಪ್ರಾಣಿಗಳ ಮಲವನ್ನು ಎತ್ತಿ ಹಾಕುವ ಸಲಿಕೆಯಂಥ ಸಾಧನವನ್ನೂ ಕೊಟ್ಟರು. ಜಿಂಬಾಬ್ವೆಯಲ್ಲಿ ಮಗು ಆಡುವುದಕ್ಕೆಂದೇ ಪ್ಲಾಸ್ಟಿಕ್ ಚಾಪೆಯನ್ನೂ, ಸುತ್ತ ನಿಲ್ಲಿಸುವ ಬೇಲಿಯನ್ನೂ ಕೊಟ್ಟರು. ಅಂದರೆ ಮಗುವನ್ನು ನೆನಪಿಟ್ಟುಕೊಂಡೇ ಯೋಜಿಸಿದ ಪ್ರಯೋಗಗಳಿವು.

2018 ಮತ್ತು 2019ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಚಿಂತೆಗೆ ಹಚ್ಚಿತು. ನೀರು, ನೈರ್ಮಲ್ಯ, ಕೈತೊಳೆಯುವಿಕೆ ಇವು ಮೂರೂ ಸೇರಿದರೂ ಮಕ್ಕಳ ಎತ್ತರ ಎಲ್ಲಿಯೂ ಹೆಚ್ಚಲಿಲ್ಲ. ಪೌಷ್ಟಿಕ ಆಹಾರ ಕೊಟ್ಟ ಕಡೆ ಮಾತ್ರ ಎತ್ತರದಲ್ಲಿ ಸಣ್ಣದೊಂದು ಸುಧಾರಣೆ ಕಂಡಿತು. ಭೇದಿಯ ವಿಷಯದಲ್ಲಿ ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ಬದಲಾವಣೆ ಆಗಲಿಲ್ಲ. ಬಾಂಗ್ಲಾದಲ್ಲಿ ಮಾತ್ರ, ಹಿಂದಿನ ವಾರ ಭೇದಿಯಾಗಿದ್ದ ಮಕ್ಕಳ ಪ್ರಮಾಣ ಶೇಕಡ 5.7 ಇದ್ದದ್ದು ಶೌಚಾಲಯ ಕೊಟ್ಟ ಮನೆಗಳಲ್ಲಿಯೂ, ಕೈತೊಳೆಯುವ ಸೌಕರ್ಯ ಕೊಟ್ಟ ಮನೆಗಳಲ್ಲಿಯೂ 3.5ಕ್ಕೆ ಇಳಿಯಿತು. ಅಲ್ಲಿಯೇ, ಎಲ್ಲವನ್ನೂ ಆಹಾರದೊಂದಿಗೆ ಸೇರಿಸಿ ಕೊಟ್ಟ ಗುಂಪಿನಲ್ಲಿ ಮಕ್ಕಳ ಸಾವು ಶೇಕಡ 4.7ರ ಬದಲು 2.9 ಆಗಿತ್ತು. ಇದನ್ನು ಓದಿದಾಗ ನನಗಾದ ಸಮಾಧಾನವನ್ನು ಇಲ್ಲಿ ಹೇಳಿಕೊಳ್ಳಲೇಬೇಕು. ಎಣಿಸಿದಷ್ಟು ಎತ್ತರ ಬೆಳೆಯದಿದ್ದರೂ ಮಗು ಬದುಕಿತು ಎಂಬುದು ಯಾವ ಲೆಕ್ಕದಲ್ಲೂ ಸೋಲಲ್ಲ.

ಬಾಂಗ್ಲಾದಲ್ಲಿ ಏನು ಬೇರೆ ಇತ್ತು? ಅಲ್ಲಿ ಬಯಲು ಶೌಚ ಮೊದಲೇ ಬಹಳ ಕಡಿಮೆಯಾಗಿತ್ತು, ಭೇದಿಯ ಪ್ರಮಾಣವೂ ಮೊದಲಿನಿಂದಲೇ ಕೀನ್ಯಾಕ್ಕಿಂತ ತುಂಬ ಕಡಿಮೆಯಿತ್ತು. ಜೊತೆಗೆ ಒಂದು ಅಂಗಳದ ಸುತ್ತ ಇರುವ ದಾಯಾದಿಗಳ ಮನೆಗಳಿಗೆಲ್ಲ ಒಟ್ಟಿಗೆ ಶೌಚಾಲಯ ಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ, ಅದೇ ಊರಿನ ಕಾರ್ಯಕರ್ತೆ ಆ ಮನೆಗೆ ತಿಂಗಳಿಗೆ ಸರಾಸರಿ ಆರು ಸಲ ಹೋಗುತ್ತಿದ್ದಳು. ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ಭೇಟಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಇತ್ತು. ನಮ್ಮಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಎಷ್ಟು ಮನೆಗಳನ್ನು ನೋಡಿಕೊಳ್ಳುತ್ತಾರೆ, ಎಷ್ಟು ಬಗೆಯ ರಿಜಿಸ್ಟರುಗಳನ್ನು ಬರೆಯುತ್ತಾರೆ, ಅದಕ್ಕೆ ಸಿಗುವ ಗೌರವಧನ ಎಷ್ಟು ಎಂಬುದು ನಿಮಗೆಲ್ಲ ಗೊತ್ತಿದೆ. ಅಭ್ಯಾಸ ಬದಲಾಯಿಸುವ ಕೆಲಸವನ್ನು ಗೋಡೆಬರಹಕ್ಕೆ ಬಿಟ್ಟರೆ ಆಗುವುದಿಲ್ಲ. ಅದಕ್ಕೆ ಮನುಷ್ಯರು ಬೇಕು, ಆ ಮನುಷ್ಯರಿಗೆ ಸಮಯ ಮತ್ತು ಸಂಬಳ ಬೇಕು.

ಈ ಫಲಿತಾಂಶಗಳನ್ನು ಹಿಡಿದುಕೊಂಡು, ಶೌಚಾಲಯದಿಂದ ಮಕ್ಕಳಿಗೆ ಪ್ರಯೋಜನವಿಲ್ಲ ಎನ್ನುವವರೂ ಇದ್ದಾರೆ. ನಾನು ಹಾಗೆ ಓದುವುದಿಲ್ಲ. ಪಶ್ಚಿಮ ಆಫ್ರಿಕದ ಮಾಲಿಯಲ್ಲಿ 121 ಹಳ್ಳಿಗಳಲ್ಲಿ ನಡೆದ ಇನ್ನೊಂದು ಪ್ರಯೋಗ ಇದಕ್ಕೆ ಭಿನ್ನವಾದ ಸುದ್ದಿ ಕೊಟ್ಟಿದೆ. ಅಲ್ಲಿ ಸಹಾಯಧನ ಕೊಡಲಿಲ್ಲ; ಇಡೀ ಊರನ್ನು ಕೂಡಿಸಿ, ಬಯಲಿನ ಮಲ ತಮ್ಮ ಊಟಕ್ಕೆ ಬರುವ ಬಗೆಯನ್ನು ಊರವರೇ ಕಂಡುಕೊಳ್ಳುವಂತೆ ಮಾಡಿ, ಊರಿಗೆ ಊರೇ ಬಯಲು ಬಿಡುವಂತೆ ಪ್ರೇರೇಪಿಸಿದರು. 2000ದ ಸುಮಾರಿಗೆ ಬಾಂಗ್ಲಾದೇಶದ ರಾಜ್‌ಶಾಹಿ ಜಿಲ್ಲೆಯಲ್ಲಿ ಕಮಲ್ ಕರ್ ಅವರು ಆರಂಭಿಸಿದ ವಿಧಾನವಿದು. ಮಾಲಿಯಲ್ಲಿ ಭೇದಿಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಬೆಳವಣಿಗೆ ಕುಂಠಿತವಾದ ಮಕ್ಕಳು ಶೇಕಡ 41ರ ಬದಲು 35 ಇದ್ದರು. ಊರಿನಲ್ಲಿ ಹತ್ತಕ್ಕೆ ಆರು ಮನೆಗಳಿಗೆ ಶೌಚಾಲಯ ಬಂದು, ಅವುಗಳಲ್ಲಿಯೂ ಅರ್ಧ ಬಳಕೆಯಾದರೆ ಊರಿನ ಮಣ್ಣು, ಕೆರೆ, ನೊಣ ಮೊದಲಿನಂತೆಯೇ ಇರುತ್ತವೆ. ಬಯಲು ಶೌಚ ನೆರೆಯವರ ಮಗುವನ್ನೂ ಬಾಧಿಸುವುದರಿಂದ, ಮನೆ ಮನೆಯನ್ನು ಬೇರೆ ಬೇರೆಯಾಗಿ ಎಣಿಸುವ ನಮ್ಮ ಪದ್ಧತಿಯಿಂದ ಊರಿನ ಮಗುವಿಗೆ ರಕ್ಷಣೆ ಸಿಕ್ಕಿತೇ ಇಲ್ಲವೇ ಎಂಬುದು ತಿಳಿಯುವುದೇ ಇಲ್ಲ. ಜನ ಒತ್ತೊತ್ತಾಗಿ ಬಾಳುವ ಭಾರತದಂಥ ದೇಶದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ಈಗ ನಮ್ಮ ಶೌಚಾಲಯಗಳ ಕಡೆ ಬರುತ್ತೇನೆ. 1986ರಲ್ಲಿ ಕೇಂದ್ರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ, 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ, 2012ರಲ್ಲಿ ನಿರ್ಮಲ ಭಾರತ ಅಭಿಯಾನ, 2014ರಲ್ಲಿ ಸ್ವಚ್ಛ ಭಾರತ ಅಭಿಯಾನ. ಹೆಸರು ಬದಲಾಗುತ್ತ ಬಂದಿದೆ, ಸಹಾಯಧನ 12,000 ರೂಪಾಯಿಗೆ ಏರಿದೆ. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತವನ್ನು ಬಯಲು ಬಹಿರ್ದೆಸೆ ಮುಕ್ತವೆಂದು ಘೋಷಿಸಲಾಯಿತು. ಕರ್ನಾಟಕದ ಹಳ್ಳಿಗಳ ಘೋಷಣೆ ಅದಕ್ಕೂ ಮೊದಲೇ ಆಗಿತ್ತು. ಆದರೆ 2019–21ರ ಸಮೀಕ್ಷೆಯಲ್ಲಿ ದೇಶದ ಶೇಕಡ 19 ಮನೆಗಳವರು, ಗ್ರಾಮೀಣ ಭಾಗದಲ್ಲಿ ಶೇಕಡ 26 ಮನೆಗಳವರು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದೇ ಹೇಳಿದರು. ಘೋಷಣೆಯ ಫಲಕ ಊರ ಬಾಗಿಲಲ್ಲಿ ನಿಂತ ಮೇಲೆ, ಬಳಸದಿರುವವರ ಬಗ್ಗೆ ಮಾತನಾಡುವುದೇ ಕಷ್ಟವಾಗಿದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೂ ಕಷ್ಟ, ಸದಸ್ಯರಿಗೂ ಕಷ್ಟ. ಆ ಸಂಕೋಚವನ್ನು ಬಿಡದೆ ಮಕ್ಕಳ ಕೆಲಸ ಮುಂದೆ ಹೋಗದು.

ಬಳಸದಿರುವುದಕ್ಕೆ ನೀರಿನ ಅಭಾವ ಒಂದು ಕಾರಣ. ಆದರೆ ಹಳ್ಳಿಗಳಲ್ಲಿ ಮಾತನಾಡಿಸಿದಾಗ ಅದಕ್ಕಿಂತ ಹೆಚ್ಚಾಗಿ ಕೇಳಿಬರುವುದು ಗುಂಡಿಯ ಚಿಂತೆ: ತುಂಬಿದರೆ ಯಾರು ತೆಗೆಯುತ್ತಾರೆ? ಈ ಚಿಂತೆಯ ಹಿಂದೆ ಜಾತಿಯಿದೆ. ಮಲ ಎತ್ತುವ ಕೆಲಸವನ್ನು ತಲೆಮಾರುಗಳಿಂದ ಕೆಲವು ಜಾತಿಯವರ ತಲೆಗೆ ಕಟ್ಟಿದ ಸಮಾಜ ನಮ್ಮದು. ಹಾಗೆ ಕೈಯಿಂದ ಮಲ ಎತ್ತಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಗುಂಡಿ ತುಂಬುವುದನ್ನು ಮುಂದೂಡಬೇಕೆಂದು ಮನೆಯವರು ಹತ್ತು ಹದಿನೈದು ಅಡಿ ಆಳದ ಒಂದೇ ಗುಂಡಿ ತೋಡಿಸುತ್ತಾರೆ, ಅಥವಾ ಇರುವುದನ್ನು ಮನೆಯ ಹೆಂಗಸರಿಗೆ, ಮುದುಕರಿಗೆ ಮಾತ್ರ ಬಿಟ್ಟು ಗಂಡಸರು ಹೊಲಕ್ಕೆ ಹೋಗುತ್ತಾರೆ.

ಎರಡು ಗುಂಡಿಯ ಶೌಚಾಲಯ ಈ ಚಿಂತೆಗೆ ಬಹುಮಟ್ಟಿಗೆ ಉತ್ತರವಾಗಬಲ್ಲದು, ಅದರ ಕೆಲಸ ಊರಿಗೆ ಅರ್ಥವಾಗಿದ್ದರೆ. ಒಂದೊಂದೂ ಸುಮಾರು ಒಂದು ಮೀಟರ್ ಅಗಲದ, ಹೆಚ್ಚು ಆಳವಿಲ್ಲದ ಗುಂಡಿಗಳು; ಗೋಡೆಯಲ್ಲಿ ನೀರು ಇಂಗಲು ತೂತುಗಳು, ತಳಕ್ಕೆ ಸಿಮೆಂಟ್ ಇಲ್ಲ. ಬೇಸಿನ್ನಿನಿಂದ ಬರುವ ಪೈಪು ಒಂದು ಸಣ್ಣ ಚೇಂಬರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲನ್ನು ಇಟ್ಟಿಗೆಯಿಂದಲೋ ಮಣ್ಣಿನಿಂದಲೋ ಮುಚ್ಚಿ, ಇನ್ನೊಂದನ್ನು ಬಳಸಬೇಕು. ಐದಾರು ಜನರ ಮನೆಯಲ್ಲಿ ಮೊದಲ ಗುಂಡಿ ತುಂಬಲು ಸುಮಾರು ಐದು ವರ್ಷ ಬೇಕಾಗುತ್ತದೆ. ಆಗ ಚೇಂಬರಿನ ಮುಚ್ಚಳ ತೆಗೆದು ಹರಿವನ್ನು ಎರಡನೆಯ ಗುಂಡಿಗೆ ತಿರುಗಿಸಿ, ಮೊದಲನೆಯದನ್ನು ಒಂದೂವರೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಅದರಲ್ಲಿರುವುದು ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರವಾಗಿರುತ್ತದೆ. ಎಷ್ಟೋ ಕಡೆ ನಾನು ಚೇಂಬರಿನ ಮುಚ್ಚಳ ತೆಗೆಸಿ ನೋಡಿದಾಗ ಎರಡೂ ಕವಲುಗಳು ತೆರೆದೇ ಇದ್ದವು. ಎರಡು ಗುಂಡಿಗಳೂ ಒಟ್ಟಿಗೆ ತುಂಬುತ್ತಿದ್ದವು. ಗಾರೆ ಮೇಸ್ತ್ರಿಗೆ ಯಾರೂ ಹೇಳಿರಲಿಲ್ಲ, ಮನೆಯವರಿಗೆ ಚೇಂಬರ್ ಇರುವುದೇ ಗೊತ್ತಿರಲಿಲ್ಲ. ಇಂಥ ಗುಂಡಿಗಳನ್ನು ಮುಂದೊಂದು ದಿನ ಹಸಿ ಮಲದೊಂದಿಗೇ ತೆರೆಯಬೇಕಾಗುತ್ತದೆ, ಆ ಮಲ ಹೊಲಕ್ಕೋ ಹಳ್ಳಕ್ಕೋ ಸುರಿಯುತ್ತದೆ. ಅಲ್ಲಿಂದ ಮಗುವಿನ ಬಾಯಿ ದೂರವಿಲ್ಲ. ಕೊಳವೆಬಾವಿಯ ಹತ್ತಿರ, ಅಂತರ್ಜಲ ಮೇಲೆ ಇರುವ ಕರಾವಳಿಯ ಮತ್ತು ನೀರಾವರಿಯ ಊರುಗಳಲ್ಲಿ ಗುಂಡಿಯ ಜಾಗವನ್ನು ಇನ್ನೂ ಎಚ್ಚರದಿಂದ ಆರಿಸಬೇಕು.

ನೀರಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಜಲಜೀವನ ಮಿಷನ್ 2019ರಿಂದ ಪ್ರತಿ ಮನೆಗೆ ನಲ್ಲಿ, ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಗುರಿಯಿಟ್ಟುಕೊಂಡಿದೆ. ನಲ್ಲಿ ಬಂದರೂ ನೀರು ದಿನ ಬಿಟ್ಟು ದಿನ ಬಂದರೆ ಮನೆಯವರು ಕೊಡ, ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ, ಲೋಟ ಹಿಡಿದ ಕೈ ಅದರೊಳಗೆ ಮುಳುಗುತ್ತದೆ. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪಿನ ಬಿರುಕುಗಳ ಮೂಲಕ ಚರಂಡಿಯ ನೀರು ಒಳಗೆ ಎಳೆದುಕೊಳ್ಳುತ್ತದೆ. ವಾಂತಿಭೇದಿಯ ಸುದ್ದಿ ಬಂದ ಊರುಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ನಲ್ಲಿಯ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವ ಸಣ್ಣ ಕಿಟ್ ನೀರುಗಂಟಿಯ ಕೈಯಲ್ಲಿದೆಯೇ, ಕ್ಲೋರಿನ್ ಪುಡಿ ಹಳತಾಗಿ ಸತ್ವ ಕಳೆದುಕೊಂಡಿದೆಯೇ ಎಂದು ಪಂಚಾಯಿತಿ ಸಭೆಯಲ್ಲಿ ಕೇಳಿದರೆ ಅದು ಯಾರ ಮೇಲಿನ ಆಪಾದನೆಯೂ ಅಲ್ಲ.

ಮತ್ತೆ ಮಗುವಿನ ಹತ್ತಿರ ಬರೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ 1975ರಲ್ಲಿ ಆರಂಭವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ಬರೆದಿಡುತ್ತಿದ್ದೇವೆ. ಆದರೆ ಅಂಗನವಾಡಿಗೆ ಬರುವುದು ಮೂರು ವರ್ಷದ ಮೇಲಿನ ಮಕ್ಕಳು. ಕುಂಠಿತ ಬೆಳವಣಿಗೆ ನೆಲೆಯೂರುವುದು ಅದಕ್ಕಿಂತ ಮೊದಲೇ, ಮನೆಯ ಅಂಗಳದಲ್ಲಿ. ಆದ್ದರಿಂದ ಕಾರ್ಯಕರ್ತೆಯ ಮನೆಭೇಟಿಯಲ್ಲಿ ತೂಕ, ಲಸಿಕೆ, ಪೂರಕ ಆಹಾರಗಳ ಜೊತೆಗೆ ಇನ್ನೊಂದು ಮಾತು ಸೇರಬೇಕು: ಮಗುವಿನ ಮಲ ಎಲ್ಲಿಗೆ ಹೋಗುತ್ತಿದೆ? ಅದನ್ನು ಎತ್ತಿ ಶೌಚಾಲಯಕ್ಕೆ ಹಾಕಿ, ಬಟ್ಟೆ ತೊಳೆದ ನೀರನ್ನೂ ಅಲ್ಲಿಗೇ ಸುರಿದು, ಆಮೇಲೆ ಸಾಬೂನಿನಿಂದ ಕೈ ತೊಳೆಯುವುದು ಹೆಚ್ಚು ಖರ್ಚಿನ ಕೆಲಸವಲ್ಲ, ಆದರೆ ಹೆಚ್ಚು ಕೆಲಸವೇ ಸರಿ. ಬೆಳಗಿನ ನಾಲ್ಕೂವರೆಗೆ ಎದ್ದು ನೀರು ಹಿಡಿದು, ಅಡಿಗೆ ಮಾಡಿ, ಕೂಲಿಗೆ ಹೋಗುವ ತಾಯಿಗೆ ಇದನ್ನು ಉಪದೇಶವಾಗಿ ಹೇಳುವುದು ನ್ಯಾಯವಲ್ಲ. ಶೌಚಾಲಯದೊಳಗೇ ಒಂದು ನಲ್ಲಿ, ಅದರ ಬಾಗಿಲಲ್ಲಿಯೇ ಕೈತೊಳೆಯುವ ಜಾಗ, ಮನೆಯ ಗಂಡಸರೂ ಮಗುವನ್ನು ತೊಳೆಯುವ ರೂಢಿ, ಇವಿಷ್ಟಿದ್ದರೆ ತಾಯಿಯ ಹೊರೆ ಹಗುರಾದೀತು.

ಕೋಳಿಯನ್ನು ಬುಟ್ಟಿಯಿಂದ ಬಿಡುವುದನ್ನು ನಿಲ್ಲಿಸಿ ಎಂದರೆ ಯಾರೂ ಒಪ್ಪರು, ಒಪ್ಪಬೇಕಾಗಿಯೂ ಇಲ್ಲ; ಆ ಕೋಳಿಯ ಮೊಟ್ಟೆಯೇ ಮಗುವಿಗೆ ಒಳ್ಳೆಯ ಆಹಾರ. ಮಗು ತೆವಳುವ ತಿಂಗಳುಗಳಲ್ಲಿ ಜಗುಲಿಯ ಒಂದು ಮೂಲೆಯನ್ನು ಅದಕ್ಕೆ ಮೀಸಲಿಟ್ಟು, ತೊಳೆಯಬಹುದಾದ ಚಾಪೆ ಹಾಸಿ, ಕೋಳಿ ಬಾರದಂತೆ ತಟ್ಟಿ ನಿಲ್ಲಿಸಬಹುದು. ಜಿಂಬಾಬ್ವೆಯಲ್ಲಿ ಚಾಪೆ ಕೊಟ್ಟರೂ ಎತ್ತರ ಹೆಚ್ಚಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಮಣ್ಣಿನ ನೆಲ ಹಾಗೆಯೇ ಇರುವ ಮನೆಯಲ್ಲಿ ಮಗು ದಿನವಿಡೀ ಚಾಪೆಯ ಮೇಲೆ ನಿಲ್ಲುವುದೂ ಇಲ್ಲ. ವಸತಿ ಯೋಜನೆಯ ಮನೆ ಮಂಜೂರು ಮಾಡುವಾಗ ಎಳೆಯ ಮಕ್ಕಳಿರುವ ಕುಟುಂಬಗಳಿಗೆ, ಮಣ್ಣಿನ ನೆಲವಿರುವ ಮನೆಗಳಿಗೆ ಮೊದಲ ಆದ್ಯತೆ ಕೊಡುವುದು ಪಂಚಾಯಿತಿಯ ಮಟ್ಟಿಗೆ ನೈರ್ಮಲ್ಯದ ಕೆಲಸವೇ ಆಗುತ್ತದೆ.

ಭೇದಿ ಆದಾಗ ಮಾಡಬೇಕಾದದ್ದನ್ನು ಇನ್ನೊಮ್ಮೆ ಹೇಳುವುದು ನನ್ನ ಕರ್ತವ್ಯ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ, ಡ್ರಿಪ್ ಬಾಟಲಿಗಳು ಮುಗಿದುಹೋದ ಸ್ಥಿತಿಯಲ್ಲಿ ಡಾ. ದಿಲೀಪ್ ಮಹಲನೊಬಿಸ್ ಅವರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಉಪ್ಪು, ಗ್ಲೂಕೋಸ್, ಅಡಿಗೆ ಸೋಡ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವ ಉಳಿಸಿದರು. ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ಅದೇ ಪರಂಪರೆಯದು. ಅದರ ಜೊತೆ ಜಿಂಕ್ ಮಾತ್ರೆಯನ್ನು ಹದಿನಾಲ್ಕು ದಿನ, ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20 ಮಿಲಿಗ್ರಾಂನಂತೆ ಕೊಡಬೇಕು. ಎರಡು ದಿನಕ್ಕೆ ಭೇದಿ ನಿಂತಿತೆಂದು ಜಿಂಕ್ ನಿಲ್ಲಿಸುವುದು ನಮ್ಮಲ್ಲಿ ಬಹಳ. ಮೊಲೆಹಾಲನ್ನಾಗಲಿ ಊಟವನ್ನಾಗಲಿ ಭೇದಿಯ ಹೊತ್ತಿನಲ್ಲಿ ನಿಲ್ಲಿಸಬಾರದು. ಮಲದಲ್ಲಿ ರಕ್ತ ಕಂಡರೆ, ಮಗು ಸೊರಗಿ ಮಂಕಾದರೆ, ಕಣ್ಣು ಗುಳಿಬಿದ್ದರೆ, ಕುಡಿಯಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

2014 ಮತ್ತು 2019ರ ನಡುವೆ ಕಟ್ಟಿದ ಶೌಚಾಲಯಗಳ ಮೊದಲ ಗುಂಡಿ ಈಗ ತುಂಬಿರುತ್ತದೆ ಅಥವಾ ತುಂಬುತ್ತಿರುತ್ತದೆ. ಮಳೆಗಾಲಕ್ಕೆ ಮೊದಲು ಪ್ರತಿ ಪಂಚಾಯಿತಿಯೂ ಒಬ್ಬ ತರಬೇತಾದ ಮೇಸ್ತ್ರಿಯನ್ನು ಮನೆಮನೆಗೆ ಕಳುಹಿಸಿ ಚೇಂಬರುಗಳನ್ನು ತೆರೆಸಿ ನೋಡಲಿ, ಎರಡೂ ಕವಲು ತೆರೆದಿರುವ ಕಡೆ ಒಂದನ್ನು ಮುಚ್ಚಿಸಲಿ. ಹಸಿ ಗುಂಡಿಗೆ ಯಾವ ಮನುಷ್ಯನೂ ಇಳಿಯದಂತೆ ಯಂತ್ರದ ವ್ಯವಸ್ಥೆಯನ್ನೂ, ತೆಗೆದದ್ದನ್ನು ಸಂಸ್ಕರಿಸುವ ಜಾಗವನ್ನೂ ನಾಲ್ಕಾರು ಪಂಚಾಯಿತಿಗಳು ಕೂಡಿ ಗೊತ್ತುಮಾಡಲಿ. ಮೇಸ್ತ್ರಿಯ ಜೊತೆಗೆ ಅಂಗನವಾಡಿ ಕಾರ್ಯಕರ್ತೆಯೂ ಹೋಗಿ, ಎರಡು ವರ್ಷದೊಳಗಿನ ಮಗು ಇರುವ ಮನೆಗಳನ್ನು ಬೇರೆಯಾಗಿ ಬರೆದುಕೊಂಡರೆ, ಯಾವ ಮನೆಗೆ ಮೊದಲು ನಲ್ಲಿ, ಯಾವುದಕ್ಕೆ ಗುಂಡಿಯ ರಿಪೇರಿ, ಯಾವುದಕ್ಕೆ ಗಟ್ಟಿ ನೆಲ ಎಂಬ ಪಟ್ಟಿ ಮುಂದಿನ ಗ್ರಾಮಸಭೆಗೆ ಸಿದ್ಧವಾಗುತ್ತದೆ.